ಕಪ್ಪು ವರ್ಣೀಯ ಪುರುಷರಲ್ಲಿ ಪ್ರಾಸ್ಟೇಟ್ ಅರ್ಬುದ: ನಾಲ್ಕು ಭೂಭಾಗಗಳ ಒಂದು ತುಲನಾತ್ಮಕ ಅಧ್ಯಯನ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿಕೊಂಡಾಗ ಅವರ ಅಪೇಕ್ಷೆಯಿದ್ದುದು ಹಳೆಯ ನೆನಪುಗಳನ್ನು ಕುರಿತು. ಮುಳಿಹುಲ್ಲಿನ ಮಾಡು, ಆಷಾಢದ ಮಳೆಗೆ ಸೋರುತ್ತಿದ್ದ ತರಗತಿ, ತೋಡು ದಾಟಿ ಬರುತ್ತಿದ್ದ ಮಕ್ಕಳು, ಇವುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮ ಹಳೆ ವಿದ್ಯಾರ್ಥಿಗಳಲ್ಲೇ ಇದ್ದಾರೆ. ಮೂರು ದಶಕಗಳ ಕಾಲ ಸಮಾಜ ಪಾಠವನ್ನೂ ಭೂಗೋಳವನ್ನೂ ಹೇಳಿಕೊಟ್ಟವನು ನಾನು. ಆದುದರಿಂದ ಒಂದು ಪಾಠವನ್ನೇ ಬರೆದುಕೊಡುತ್ತೇನೆಂದು ವಿನಂತಿಸಿದೆನು. ವಿಷಯ ಯಾವುದೆಂದು ತಿಳಿದಾಗ ಮಂಡಳಿಯ ಕಿರಿಯ ಸದಸ್ಯರು ತುಸು ಸಂಕೋಚಪಟ್ಟರು. ಹೆಂಗಸರೂ ಮಕ್ಕಳೂ ಓದುವ ಸಂಚಿಕೆಯಲ್ಲಿ ಗಂಡಸರ ಗುಪ್ತ ರೋಗದ ಮಾತೇ ಎಂಬುದು ಅವರ ಶಂಕೆ. ಅದು ಗುಪ್ತ ರೋಗವಲ್ಲ, ಗುಪ್ತವಾಗಿ ಇಟ್ಟ ರೋಗ ಎಂದು ನಾನು ಉತ್ತರಿಸಿದೆನು. ಅವರು ಸಮ್ಮತಿಸಿದರು.

ಈ ವಿಷಯ ನನ್ನ ಮೇಜಿಗೆ ಬಂದ ಬಗೆಯನ್ನು ಮೊದಲೇ ಹೇಳಿಬಿಡುವುದು ಉಚಿತ. ನಾಲ್ಕು ವರ್ಷಗಳ ಹಿಂದೆ, ನನಗೆ 72 ನಡೆಯುತ್ತಿದ್ದಾಗ, ಮಂಗಳೂರಿನಲ್ಲಿ ನನಗೆ ಈ ರೋಗವಿದೆಯೆಂದು ಪತ್ತೆಯಾಯಿತು. ಅದಕ್ಕೂ ಮುನ್ನ ಎರಡು ವರ್ಷ ರಾತ್ರಿ ನಾಲ್ಕೈದು ಬಾರಿ ಏಳುತ್ತಿದ್ದೆ. ಮನೆಯವರಿಗೂ ಹೇಳಿರಲಿಲ್ಲ. ಇಂಗ್ಲೆಂಡಿನಲ್ಲಿ ವೈದ್ಯನಾಗಿರುವ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ನನ್ನ ವರದಿಗಳನ್ನೆಲ್ಲ ಕೇಳಿಸಿಕೊಂಡು, “ಮಾಸ್ಟ್ರೇ, ನೀವು ಎರಡು ವರ್ಷ ಮೊದಲೇ ಹೇಳಬೇಕಿತ್ತು” ಎಂದಷ್ಟೇ ಹೇಳಿ ಸುಮ್ಮನಾದ. ಬಳಿಕ ಮಾತಿನ ನಡುವೆ, ದಕ್ಷಿಣ ಲಂಡನ್ನಿನ ತನ್ನ ವಿಭಾಗಕ್ಕೆ ಇದೇ ರೋಗದಿಂದ ಬರುವವರಲ್ಲಿ ಜಮೈಕಾ, ನೈಜೀರಿಯಾ, ಘಾನಾ ಮೂಲದವರ ಸಂಖ್ಯೆ ಊರಿನ ಜನಸಂಖ್ಯೆಯಲ್ಲಿ ಅವರ ಪಾಲನ್ನು ಮೀರಿ ಕಾಣುತ್ತದೆಂದೂ, ಭಾರತೀಯರದು ಕಡಿಮೆಯೆಂದೂ ತಿಳಿಸಿದ. ಇದೇಕೆ ಹೀಗೆ ಎಂದು ಕೇಳಿದೆ. ಆತ ಕಳುಹಿಸಿದ ಲೇಖನಗಳನ್ನು ಕನ್ನಡ ಮಾಧ್ಯಮದ ಮೆಟ್ರಿಕ್ಯುಲೇಶನ್ನಿನ ಇಂಗ್ಲಿಷಿನಿಂದ, ನಿಘಂಟು ಪಕ್ಕದಲ್ಲಿಟ್ಟುಕೊಂಡು, ವಿಕಿರಣ ಚಿಕಿತ್ಸೆಯ ಸರದಿಗೆ ಕಾಯುತ್ತ ಓದಿದೆ. ಈ ಪಾಠ ಆ ಓದಿನ ಫಲ.

ಪ್ರಾಸ್ಟೇಟ್ ಎಂಬುದು ಪುರುಷರಲ್ಲಿ ಮಾತ್ರ ಇರುವ ಒಂದು ಗ್ರಂಥಿ. ಸುಲಿದ ಅಡಿಕೆಗಿಂತ ತುಸು ದೊಡ್ಡದು. ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಬಳಸಿಕೊಂಡು ಕುಳಿತಿರುತ್ತದೆ. ವೀರ್ಯದ ದ್ರವಾಂಶದ ಒಂದು ಭಾಗವನ್ನು ಸ್ರವಿಸುವುದು ಅದರ ಕೆಲಸ. ವಯಸ್ಸಾದಂತೆ ಈ ಗ್ರಂಥಿ ಊದಿಕೊಂಡು ನಾಳವನ್ನು ಒತ್ತುವುದು ಬಹಳ ಸಾಮಾನ್ಯ, ಅದು ಅರ್ಬುದವಲ್ಲ. ಅರ್ಬುದವಾದರೋ ಹೆಚ್ಚಾಗಿ ಗ್ರಂಥಿಯ ಹೊರ ಅಂಚಿನಲ್ಲಿ ಹುಟ್ಟುವುದರಿಂದ ಮೊದಮೊದಲು ಯಾವ ತೊಂದರೆಯನ್ನೂ ಕೊಡುವುದಿಲ್ಲ. ಹರಡುವಾಗ ಅದಕ್ಕೆ ಮೂಳೆಗಳೆಂದರೆ, ಅದರಲ್ಲೂ ಬೆನ್ನುಮೂಳೆ ಮತ್ತು ಸೊಂಟವೆಂದರೆ, ವಿಶೇಷ ಪ್ರೀತಿ. ನನ್ನ ಸಹೋದ್ಯೋಗಿಯಾಗಿದ್ದ ಅಧ್ಯಾಪಕರೊಬ್ಬರು ಒಂದು ವರ್ಷವಿಡೀ ಬೆನ್ನುನೋವಿಗೆ ತೈಲ ಹಚ್ಚಿಸಿಕೊಂಡರು. ಅದು ಬೆನ್ನಿನ ನೋವಾಗಿರಲಿಲ್ಲವೆಂದು ತಿಳಿದ ಆರು ತಿಂಗಳಲ್ಲಿ ಅವರು ನಮ್ಮನ್ನು ಅಗಲಿದರು.

ರೋಗದ ಜಾಗತಿಕ ವಿಸ್ತಾರ ಅಲ್ಪವಾದುದಲ್ಲ. ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತಾರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 14 ಲಕ್ಷ 67 ಸಾವಿರ ಮಂದಿಗೆ ಹೊಸದಾಗಿ ಈ ರೋಗ ತಗಲಿತು. ಸುಮಾರು 3 ಲಕ್ಷ 97 ಸಾವಿರ ಮಂದಿ ಅದರಿಂದ ಮಡಿದರು. ಅದೇ ವರ್ಷ ಭಾರತದಲ್ಲಿ ಹೊಸ ರೋಗಿಗಳು ಸುಮಾರು 38 ಸಾವಿರ.

ಇಲ್ಲಿ ಎರಡು ಮಾತುಗಳನ್ನು ಸ್ಪಷ್ಟಪಡಿಸದೆ ಮುಂದುವರಿಯಲಾಗದು. ಮೊದಲನೆಯದು, ಎರಡು ದೇಶಗಳನ್ನು ಹೋಲಿಸುವಾಗ ವಯೋಮಾನವನ್ನು ಸರಿದೂಗಿಸಬೇಕು. ಇದು ಮುದುಕರ ರೋಗ. ಯುವಕರೇ ತುಂಬಿರುವ ದೇಶದಲ್ಲಿ ಇದು ಸಹಜವಾಗಿಯೇ ಕಡಿಮೆ ಕಾಣುತ್ತದೆ. ಅದರಿಂದ ಆ ದೇಶ ಆರೋಗ್ಯವಾಗಿದೆ ಎಂದರ್ಥವಲ್ಲ. ಮುಂದೆ ಕೊಡುವ ‘ಲಕ್ಷಕ್ಕೆ ಇಷ್ಟು’ ಎಂಬ ದರಗಳೆಲ್ಲ ಹೀಗೆ ಸರಿದೂಗಿಸಿದವು. ಎರಡನೆಯದು, ರೋಗ ಪತ್ತೆಯಾದ ಪ್ರಮಾಣ ಬೇರೆ, ಮರಣದ ಪ್ರಮಾಣ ಬೇರೆ. ಹುಡುಕಿದಷ್ಟೂ ಸಿಗುವ ರೋಗವಿದು. ಪಿ.ಎಸ್.ಎ. ಎಂಬ ರಕ್ತಪರೀಕ್ಷೆಗೆ ರೋಗ ಪತ್ತೆಯ ಸಾಧನವಾಗಿ ಅಮೆರಿಕದಲ್ಲಿ 1994ರಲ್ಲಿ ಮಾನ್ಯತೆ ದೊರೆಯಿತು. ಗ್ರಂಥಿಯಿಂದ ರಕ್ತಕ್ಕೆ ಸೇರುವ ಒಂದು ಪ್ರೋಟೀನನ್ನು ಅದು ಅಳೆಯುತ್ತದೆ. ಗ್ರಂಥಿ ಊದಿಕೊಂಡರೂ, ಸೋಂಕು ತಗಲಿದರೂ ಆ ಅಂಕ ಏರುತ್ತದೆ, ಏರಿದ್ದೆಲ್ಲ ಅರ್ಬುದವಲ್ಲ. ಈ ಪರೀಕ್ಷೆ ಧಾರಾಳವಾಗಿರುವ ದೇಶದಲ್ಲಿ ರೋಗಿಗಳ ಸಂಖ್ಯೆ ಬೆಟ್ಟದಂತೆ ಬೆಳೆಯುತ್ತದೆ, ಇಲ್ಲದ ದೇಶದಲ್ಲಿ ರೋಗಿಗಳೇ ಇಲ್ಲವೆನಿಸುತ್ತದೆ. ಹಾಜರಿ ಕರೆಯದ ತರಗತಿಯಲ್ಲಿ ಗೈರುಹಾಜರಾದವರು ಯಾರೂ ಇರುವುದಿಲ್ಲ.

ಇನ್ನೊಂದು ಮಾತು ಪದಗಳ ಕುರಿತು. ನಾವು ಓದಿದ, ಓದಿಸಿದ ಭೂಗೋಳ ಪುಸ್ತಕಗಳಲ್ಲಿ ಆಫ್ರಿಕದ ಜನರಿಗೆ ‘ನೀಗ್ರೋ’ ಎಂಬ ಪದವಿತ್ತು. ಆ ಜನರೇ ಅದನ್ನು ತಿರಸ್ಕರಿಸಿದ್ದಾರೆ, ನಾನೂ ಬಿಟ್ಟಿದ್ದೇನೆ. ‘ಕಪ್ಪು ವರ್ಣೀಯರು’ ಎಂಬುದಾದರೂ ವಿಜ್ಞಾನದ ಪದವಲ್ಲ, ಸಮಾಜ ಕೊಟ್ಟ ಹೆಸರು. ಬ್ರೆಜಿಲ್ ದೇಶದ 2022ರ ಜನಗಣತಿಯಲ್ಲಿ ‘ಮಿಶ್ರ ವರ್ಣೀಯರು’ ಎಂದು ಬರೆಸಿಕೊಂಡವರೇ ಎಲ್ಲರಿಗಿಂತ ಹೆಚ್ಚು, ಶೇಕಡಾ 45ಕ್ಕೂ ಅಧಿಕ. ಅವರಲ್ಲಿ ಅನೇಕರು ಅಮೆರಿಕದಲ್ಲಿ ಹುಟ್ಟಿದ್ದರೆ ಕಪ್ಪು ವರ್ಣೀಯರೆಂದೇ ಎಣಿಸಲ್ಪಡುತ್ತಿದ್ದರು. ಈ ಅಸ್ಪಷ್ಟತೆಯನ್ನು ನೆನಪಿಟ್ಟುಕೊಂಡೇ ಮುಂದಿನ ಅಂಕಿಗಳನ್ನು ಓದಬೇಕು.

ಒಂದೇ ಕರಾವಳಿ, ಹಲವು ದಡಗಳು

ಹೋಲಿಕೆಗೆ ಆಧಾರವಿರುವುದು ಚರಿತ್ರೆಯಲ್ಲಿ. ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಸುಮಾರು ಒಂದು ಕೋಟಿ 25 ಲಕ್ಷ ಆಫ್ರಿಕನ್ನರನ್ನು ಗುಲಾಮರನ್ನಾಗಿ ಹಡಗಿಗೆ ತುಂಬಿ ಅಟ್ಲಾಂಟಿಕ್ ಸಾಗರದ ಆಚೆಗೆ ಸಾಗಿಸಿದರು. ಸುಮಾರು ಒಂದು ಕೋಟಿ 7 ಲಕ್ಷ ಮಂದಿ ಜೀವಂತವಾಗಿ ದಡ ಸೇರಿದರು. ಹೆಚ್ಚಿನವರು ಪಶ್ಚಿಮ ಹಾಗೂ ಮಧ್ಯಪಶ್ಚಿಮ ಆಫ್ರಿಕದವರು. ಅಮೆರಿಕ, ಕೆರಿಬಿಯನ್ ದ್ವೀಪಗಳು, ಬ್ರೆಜಿಲ್, ಹೀಗೆ ಅವರ ಸಂತತಿ ಹರಡಿತು. 1948ರ ಜೂನ್ ತಿಂಗಳಲ್ಲಿ ‘ವಿಂಡ್‌ರಶ್’ ಎಂಬ ಹಡಗು ಇಂಗ್ಲೆಂಡಿನ ಟಿಲ್‌ಬರಿ ಬಂದರನ್ನು ಮುಟ್ಟಿದ ತರುವಾಯ ಕೆರಿಬಿಯನ್ನರು ಬ್ರಿಟನ್ನಿಗೆ ಬಂದು ನೆಲೆಸಿದರು. ಹೀಗೆ ಒಂದೇ ಮೂಲದ ಜನ ಬೇರೆ ಬೇರೆ ನೀರು, ಅನ್ನ, ದುಡಿಮೆ, ಆಸ್ಪತ್ರೆಗಳ ನಡುವೆ ಬಾಳುತ್ತಿದ್ದಾರೆ. ರೋಗ ರಕ್ತದಲ್ಲಿದೆಯೋ ನೆಲದಲ್ಲಿದೆಯೋ ಎಂದು ಕೇಳುವವರಿಗೆ ಇಂತಹ ಪರಿಸ್ಥಿತಿ ಅಪರೂಪದ್ದು. ಅದು ಎಂತಹ ಕ್ರೌರ್ಯದಿಂದ ಒದಗಿದ ಪರಿಸ್ಥಿತಿ ಎಂಬುದನ್ನು ಮಾತ್ರ ಮರೆಯಲಾಗದು.

ಒಬ್ಬ ವ್ಯಕ್ತಿಯ ಬದುಕಿನಲ್ಲೇ ಈ ಮೂರು ದಡಗಳನ್ನು ಕಾಣಬಹುದು. ಸ್ಟೋಕ್ಲಿ ಕಾರ್ಮೈಕಲ್ 1941ರಲ್ಲಿ ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಹುಟ್ಟಿ, ಬಾಲ್ಯದಲ್ಲಿ ನ್ಯೂಯಾರ್ಕ್ ಸೇರಿ, ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿಯ ಮುಂದಾಳಾದವರು. 1969ರಲ್ಲಿ ಆಫ್ರಿಕದ ಗಿನಿ ದೇಶಕ್ಕೆ ಹೋಗಿ ನೆಲೆಸಿ ಕ್ವಾಮೆ ಟೂರೆ ಎಂದು ಹೆಸರು ಬದಲಿಸಿಕೊಂಡರು. 1998ರಲ್ಲಿ ತಮ್ಮ 57ನೆಯ ವಯಸ್ಸಿನಲ್ಲಿ ಗಿನಿಯ ರಾಜಧಾನಿ ಕೊನಾಕ್ರಿಯಲ್ಲಿ ಪ್ರಾಸ್ಟೇಟ್ ಅರ್ಬುದದಿಂದ ತೀರಿಕೊಂಡರು. ಅದರ ಹಿಂದಿನ ವರ್ಷ, 1997ರಲ್ಲಿ, ಜಾಯಿರೆಯ ಪದಚ್ಯುತ ಸರ್ವಾಧಿಕಾರಿ ಮೊಬುಟು ಮೊರೊಕ್ಕೋದಲ್ಲಿ ಇದೇ ರೋಗಕ್ಕೆ ತುತ್ತಾದರು. ಯುರೋಪಿನ ಉತ್ತಮ ಚಿಕಿತ್ಸೆ ಅವರಿಗೆ ಲಭ್ಯವಿತ್ತು. ಆರ್ಚ್‌ಬಿಷಪ್ ಡೆಸ್ಮಂಡ್ ಟೂಟು ಅವರಿಗೆ ರೋಗ ಪತ್ತೆಯಾದದ್ದು ಅದೇ 1997ರಲ್ಲಿ. ಅವರು 90 ವರ್ಷ ತುಂಬಿ 2021ರ ಡಿಸೆಂಬರ್‌ವರೆಗೆ ಬದುಕಿದರು. ನೆಲ್ಸನ್ ಮಂಡೇಲಾ ಅವರಿಗೆ 2001ರಲ್ಲಿ ವಿಕಿರಣ ಚಿಕಿತ್ಸೆಯಾಯಿತು. ಅವರ ಆಯುಷ್ಯ 95 ವರ್ಷ. ಒಂದು ಸ್ವಾರಸ್ಯವನ್ನು ಇಲ್ಲಿ ಹೇಳಬಹುದು. 1985ರಲ್ಲಿ, ಮಂಡೇಲಾ ಇನ್ನೂ ಬಂದಿಯಾಗಿದ್ದಾಗ, ಇದೇ ಗ್ರಂಥಿಯ ಊತಕ್ಕಾಗಿ ಅವರಿಗೆ ಕೇಪ್‌ಟೌನಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಆಸ್ಪತ್ರೆಯಲ್ಲಿ ಅವರನ್ನು ನೋಡಲು ಬಂದವರು ಅಂದಿನ ನ್ಯಾಯಮಂತ್ರಿ. ಬಿಳಿಯರ ಸರ್ಕಾರದೊಡನೆ ಮಂಡೇಲಾ ನಡೆಸಿದ ಮಾತುಕತೆಗಳ ಆರಂಭವನ್ನು ಇತಿಹಾಸಕಾರರು ಆ ಭೇಟಿಯಲ್ಲಿ ಗುರುತಿಸುತ್ತಾರೆ.

ಅಮೆರಿಕ ಮತ್ತು ಇಂಗ್ಲೆಂಡ್

ಅಮೆರಿಕದಲ್ಲಿ ಬಿಳಿಯರಿಗಿಂತ ಕಪ್ಪು ಪುರುಷರಲ್ಲಿ ಈ ರೋಗದ ಪ್ರಮಾಣ ಮೂರರಲ್ಲಿ ಎರಡು ಪಾಲಿನಷ್ಟು ಅಧಿಕ. ಮರಣದ ಪ್ರಮಾಣ ಎರಡು ಪಟ್ಟು. ಜೀವಮಾನದಲ್ಲಿ ಸರಾಸರಿ ಎಂಟು ಮಂದಿ ಅಮೆರಿಕನ್ ಪುರುಷರಲ್ಲಿ ಒಬ್ಬನಿಗೆ ರೋಗ ಪತ್ತೆಯಾದರೆ, ಕಪ್ಪು ಪುರುಷರಲ್ಲಿ ಆರು ಮಂದಿಯಲ್ಲಿ ಒಬ್ಬನಿಗೆ. ರೋಗ ತುಸು ಎಳೆಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ.

ಇಂಗ್ಲೆಂಡಿನ ಲೆಕ್ಕ ಇನ್ನೂ ಬೋಧಪ್ರದವಾದುದು. 2008ರಿಂದ 2010ರವರೆಗಿನ ದಾಖಲೆಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಂತೆ, ಜೀವಮಾನದಲ್ಲಿ ರೋಗ ಪತ್ತೆಯಾಗುವ ಸಂಭವ ಬಿಳಿಯರಲ್ಲಿ 8ಕ್ಕೆ ಒಬ್ಬ, ಕಪ್ಪು ವರ್ಣೀಯರಲ್ಲಿ 4ಕ್ಕೆ ಒಬ್ಬ, ನಮ್ಮವರೂ ಸೇರಿದಂತೆ ಏಷ್ಯನ್ನರಲ್ಲಿ 13ಕ್ಕೆ ಒಬ್ಬ. ರೋಗದಿಂದ ಸಾಯುವ ಸಂಭವ ಕ್ರಮವಾಗಿ 24ಕ್ಕೆ ಒಬ್ಬ, 12ಕ್ಕೆ ಒಬ್ಬ, 44ಕ್ಕೆ ಒಬ್ಬ. ಈಗ ನಾವು ಐದನೆಯ ತರಗತಿಯ ಲೆಕ್ಕವೊಂದನ್ನು ಮಾಡೋಣ. 24 ಮಂದಿ ಬಿಳಿಯರನ್ನು ತೆಗೆದುಕೊಂಡರೆ ಮೂವರಿಗೆ ರೋಗ, ಅವರಲ್ಲಿ ಒಬ್ಬನಿಗೆ ಅದರಿಂದ ಮರಣ. 12 ಮಂದಿ ಕಪ್ಪು ವರ್ಣೀಯರಲ್ಲಿ ಮೂವರಿಗೆ ರೋಗ, ಒಬ್ಬನಿಗೆ ಮರಣ. ಏಷ್ಯನ್ನರಲ್ಲೂ ಸರಿಸುಮಾರು ಅಷ್ಟೇ. ಅಂದರೆ ರೋಗ ಬರುವುದರಲ್ಲಿ ಅಜಗಜಾಂತರವಿದ್ದರೂ, ಬಂದ ಬಳಿಕ ಅದರಿಂದ ಸಾಯುವವರು ಮೂವರಲ್ಲಿ ಒಬ್ಬರು. ಬಣ್ಣ ಯಾವುದಾದರೂ ಸರಿ. ಹಣ ಕೇಳದ ಸಾರ್ವಜನಿಕ ಆಸ್ಪತ್ರೆಯ ವ್ಯವಸ್ಥೆ ಇರುವ ದೇಶದ ಲೆಕ್ಕವಿದು ಎಂಬುದನ್ನು ಗಮನಿಸಬೇಕು.

ಅಮೆರಿಕದಿಂದಲೂ ಇದಕ್ಕೆ ಪೋಷಕವಾದ ಸಾಕ್ಷ್ಯ ಬಂದಿದೆ. 2019ರಲ್ಲಿ ಮೂರು ಲಕ್ಷಕ್ಕೂ ಮಿಕ್ಕಿದ ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, ಎಲ್ಲರಿಗೂ ಸಮಾನ ಚಿಕಿತ್ಸೆ ಸಿಗುವ ಮಾಜಿ ಸೈನಿಕರ ಆಸ್ಪತ್ರೆಗಳಲ್ಲೂ ಕ್ರಮಬದ್ಧ ಚಿಕಿತ್ಸಾ ಪ್ರಯೋಗಗಳಲ್ಲೂ ಕಪ್ಪು ರೋಗಿಗಳು ಬಿಳಿಯರಿಗಿಂತ ಹೆಚ್ಚಾಗಿ ಈ ರೋಗದಿಂದ ಸಾಯುತ್ತಿರಲಿಲ್ಲ. ಹಾಗಿದ್ದರೆ ದೇಶದಲ್ಲಿ ಒಟ್ಟಾರೆ ಎರಡು ಪಟ್ಟು ಮರಣವೇಕೆ? ಹೆಚ್ಚು ಮಂದಿಗೆ ರೋಗ ಬರುವುದು ಒಂದು ಕಾರಣ; ತಡವಾಗಿ ಪತ್ತೆಯಾಗುವುದು, ವಿಮೆ ಇಲ್ಲದಿರುವುದು, ಪೂರ್ಣ ಚಿಕಿತ್ಸೆ ದೊರೆಯದಿರುವುದು ಉಳಿದವು.

ಅಪನಂಬಿಕೆಯೂ ಒಂದು. ತಮ್ಮ ರೋಗವನ್ನು ಅಮೆರಿಕದ ಶಕ್ತಿಗಳೇ ಉಂಟುಮಾಡಿದುವೆಂದು ಕ್ವಾಮೆ ಟೂರೆ ಆಪಾದಿಸಿದ್ದರು. ಅದಕ್ಕೆ ಆಧಾರವಿಲ್ಲ. ಆದರೆ ಅಂತಹ ಮಾತು ಹುಟ್ಟುವ ನೆಲವನ್ನು ಹದಮಾಡಿದವರು ಯಾರು? 1932ರಿಂದ 1972ರವರೆಗೆ, ನಲ್ವತ್ತು ವರ್ಷ, ಅಲಬಾಮಾ ರಾಜ್ಯದ ಟಸ್ಕೆಗಿಯಲ್ಲಿ ಸರ್ಕಾರಿ ಆರೋಗ್ಯ ಇಲಾಖೆ 600 ಮಂದಿ ಕಪ್ಪು ಪುರುಷರನ್ನು ಅಧ್ಯಯನಕ್ಕೆ ಒಳಪಡಿಸಿತ್ತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ರೋಗವಿತ್ತು. ಪೆನಿಸಿಲಿನ್ ಔಷಧಿ ಬಂದ ಮೇಲೂ ಅವರಿಗೆ ಅದನ್ನು ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತ ಕುಳಿತರು. ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ್ದು 1997ರಲ್ಲಿ. ಇಷ್ಟಾದ ಮೇಲೆ “ರಕ್ತ ಕೊಡಿ, ಪರೀಕ್ಷಿಸುತ್ತೇವೆ” ಎಂದರೆ ಒಬ್ಬ ಮುದುಕ ತೋಳು ಚಾಚಲು ಹಿಂಜರಿದರೆ ನಾನಂತೂ ಅವನನ್ನು ದೂರಲಾರೆ.

ಕೆರಿಬಿಯನ್ ದ್ವೀಪಗಳು

ಜಗತ್ತಿನಲ್ಲಿ ಈ ರೋಗದಿಂದಾಗುವ ಮರಣದ ದರ ಅತ್ಯಧಿಕವಾಗಿರುವುದು ಕೆರಿಬಿಯನ್ ಪ್ರದೇಶದಲ್ಲಿ. 2020ರ ಅಂದಾಜಿನಲ್ಲಿ ಲಕ್ಷಕ್ಕೆ ಸುಮಾರು 28. ನಮ್ಮ ದಕ್ಷಿಣ ಮಧ್ಯ ಏಷ್ಯಾದಲ್ಲಿ ಅದು ಸುಮಾರು 3 ಮಾತ್ರ. ಟೊಬಾಗೊ ಎಂಬ ಪುಟ್ಟ ದ್ವೀಪದ ಜನ ಬಹುತೇಕ ಪಶ್ಚಿಮ ಆಫ್ರಿಕದ ಮೂಲದವರು. ಅಲ್ಲಿ 40ರಿಂದ 79 ವಯಸ್ಸಿನ 2,484 ಮಂದಿ ಪುರುಷರನ್ನು ಪರೀಕ್ಷಿಸಿದಾಗ ನೂರಕ್ಕೆ ಹತ್ತು ಮಂದಿಯಲ್ಲಿ ರೋಗ ಪತ್ತೆಯಾಯಿತೆಂದು 2002ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಆರೋಗ್ಯವಂತರೆಂದು ತಿಳಿದುಕೊಂಡು ಓಡಾಡುತ್ತಿದ್ದವರಲ್ಲಿ!

ಪಕ್ಕದ ಟ್ರಿನಿಡಾಡ್ ನಮಗೆ ಅಪರಿಚಿತವಲ್ಲ. 1845ರಿಂದ 1917ರವರೆಗೆ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಭಾರತೀಯರನ್ನು ಅಲ್ಲಿಗೆ ಸಾಗಿಸಿದರು. ಅವರ ಸಂತತಿಯೂ ಆಫ್ರಿಕನ್ ಮೂಲದವರ ಸಂತತಿಯೂ ಇಂದು ಒಂದೇ ದ್ವೀಪದಲ್ಲಿ, ಒಂದೇ ಆಸ್ಪತ್ರೆಗಳ ಆಸರೆಯಲ್ಲಿ ನೆರೆಹೊರೆಯವರಾಗಿದ್ದಾರೆ. ಅರ್ಬುದ ನೋಂದಣಿಯ ದಾಖಲೆಗಳಲ್ಲಿ ಆಫ್ರಿಕನ್ ಮೂಲದವರ ದರ ಭಾರತೀಯ ಮೂಲದವರದಕ್ಕಿಂತ ಸ್ಪಷ್ಟವಾಗಿ ಅಧಿಕ. ನೆಲ ಒಂದೇ, ಫಲ ಬೇರೆ. ಬೀಜಕ್ಕೂ ಇದರಲ್ಲಿ ಪಾಲಿದೆ ಎಂಬುದನ್ನು ಅಲ್ಲಗಳೆಯಲಾಗದು.

ಬೀಜದ ಮಾತು ಬಂದುದರಿಂದ ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಎಂಟನೆಯ ವರ್ಣತಂತುವಿನ ಒಂದು ನಿರ್ದಿಷ್ಟ ತಾಣದಲ್ಲಿರುವ ಕೆಲವು ವ್ಯತ್ಯಾಸಗಳು ಈ ರೋಗಕ್ಕೆ ಎಡೆಮಾಡಿಕೊಡುತ್ತವೆಂದೂ, ಅವು ಆಫ್ರಿಕನ್ ಮೂಲದವರಲ್ಲಿ ಹೆಚ್ಚೆಂದೂ 2006ರಲ್ಲಿ ಗೊತ್ತಾಯಿತು. 2021ರ ಹೊತ್ತಿಗೆ ಇಂತಹ 269 ವ್ಯತ್ಯಾಸಗಳ ಪಟ್ಟಿ ಸಿದ್ಧವಾಯಿತು. ಅವುಗಳನ್ನೆಲ್ಲ ಕೂಡಿಸಿ ನೋಡಿದರೆ ಆಫ್ರಿಕನ್ ಮೂಲದವರ ಸರಾಸರಿ ಅಪಾಯ ಯುರೋಪಿಯನ್ನರದರ 2.18 ಪಟ್ಟು. ಸರಾಸರಿ ಎಂದರೆ ಸರಾಸರಿಯೇ. ತರಗತಿಯ ಸರಾಸರಿ ಅಂಕದಿಂದ ಹಿಂದಿನ ಬೆಂಚಿನ ಹುಡುಗನ ಅಂಕವನ್ನು ಹೇಳಲು ಬರುವುದಿಲ್ಲ.

ಆದರೆ ಕೆರಿಬಿಯನ್ನಿನಲ್ಲಿ ನೆಲದ ಕಥೆಯೂ ಇದೆ, ಮತ್ತು ಅದು ನಮ್ಮ ಕಾಸರಗೋಡಿನವರ ಎದೆಗೆ ತಾಗುವ ಕಥೆ. ಗ್ವಾಡಲೂಪ್ ಮತ್ತು ಮಾರ್ಟಿನಿಕ್ ಫ್ರಾನ್ಸಿಗೆ ಸೇರಿದ ದ್ವೀಪಗಳು. 2018ರ ಅಂದಾಜಿನಲ್ಲಿ ಜಗತ್ತಿನಲ್ಲೇ ಅತ್ಯಧಿಕ ರೋಗದ ದರ ಗ್ವಾಡಲೂಪಿನದು: ಲಕ್ಷಕ್ಕೆ 189. ಅಲ್ಲಿನ ಬಾಳೆಯ ತೋಟಗಳಲ್ಲಿ ಗೆಡ್ಡೆ ಕೊರೆಯುವ ಮೂತಿಹುಳದ ನಾಶಕ್ಕೆಂದು 1972ರಿಂದ 1993ರವರೆಗೆ ಕ್ಲೋರ್‌ಡೆಕೋನ್ ಎಂಬ ವಿಷವನ್ನು ಬಳಸಿದರು. ಅಮೆರಿಕದ ವರ್ಜೀನಿಯಾದಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಖಾನೆಯ ಕೆಲಸಗಾರರು ನಡುಕ ಹಿಡಿದು ಮಲಗಿದ್ದು 1975ರಲ್ಲಿ. ಆ ದೇಶ ಅದನ್ನು ಕೂಡಲೇ ಕೈಬಿಟ್ಟಿತು. ಫ್ರಾನ್ಸ್ 1990ರಲ್ಲಿ ನಿಷೇಧಿಸಿದರೂ ಈ ದ್ವೀಪಗಳಿಗೆ ಮಾತ್ರ 1993ರವರೆಗೆ ವಿನಾಯಿತಿ ನೀಡಿತು. ಈ ವಿಷ ಮಣ್ಣಿನಲ್ಲಿ ಶತಮಾನಗಳ ಕಾಲ ಉಳಿಯುವಂಥದು. ಗೆಡ್ಡೆಗೆಣಸು, ತೊರೆಯ ನೀರು, ಮೀನು ಇವುಗಳ ಮೂಲಕ ಮನುಷ್ಯರನ್ನು ಸೇರಿತು. ಆ ದ್ವೀಪಗಳ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಅದರ ಅಂಶವಿದೆ. ರಕ್ತದಲ್ಲಿ ಅದು ಹೆಚ್ಚಿದ್ದವರಿಗೆ ಪ್ರಾಸ್ಟೇಟ್ ಅರ್ಬುದದ ಅಪಾಯವೂ ಹೆಚ್ಚೆಂದು 2010ರಲ್ಲಿ ಗ್ವಾಡಲೂಪಿನ ಅಧ್ಯಯನವೊಂದು ತೋರಿಸಿತು. 2021ರ ಡಿಸೆಂಬರಿನಲ್ಲಿ ಫ್ರಾನ್ಸ್ ಸರ್ಕಾರ ಇದನ್ನು ತೋಟಗಾರ ಕೂಲಿಗಳ ವೃತ್ತಿಜನ್ಯ ರೋಗವೆಂದು ಅಂಗೀಕರಿಸಿತು. 2023ರ ಜನವರಿಯಲ್ಲಿ ಪ್ಯಾರಿಸಿನ ನ್ಯಾಯಾಧೀಶರು, ತಪ್ಪು ನಡೆದಿದೆ ಎನ್ನುತ್ತಲೇ, ಯಾರ ಮೇಲೂ ವಿಚಾರಣೆ ನಡೆಸದೆ ಮೊಕದ್ದಮೆಯನ್ನು ಮುಗಿಸಿದರು.

ಇದನ್ನು ಓದುವಾಗ ನನಗೆ ಪಡ್ರೆ, ಎಣ್ಮಕಜೆಗಳ ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರಿನ ಸದ್ದು ಕೇಳಿಸಿತು. ಮಕ್ಕಳು ಪಾಠ ಬಿಟ್ಟು ಅದನ್ನು ನೋಡಲು ಅಂಗಳಕ್ಕೆ ಓಡುತ್ತಿದ್ದರು, ನಾವೂ ತಡೆಯುತ್ತಿರಲಿಲ್ಲ. ಎಂಡೋಸಲ್ಫಾನಿನ ಆ ಸಿಂಪಡಣೆ ನಿಂತದ್ದು 2000ದಲ್ಲಿ, ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆದದ್ದು 2011ರಲ್ಲಿ. ಸ್ಟಾಕ್‌ಹೋಮ್ ಒಪ್ಪಂದದ ನಿಷಿದ್ಧ ವಿಷಗಳ ಪಟ್ಟಿಯಲ್ಲಿ ಕ್ಲೋರ್‌ಡೆಕೋನ್ 2009ರಲ್ಲಿ ಸೇರಿತು, ಎಂಡೋಸಲ್ಫಾನ್ 2011ರಲ್ಲಿ. ನಮ್ಮಲ್ಲಿನ ರೋಗಗಳು ಬೇರೆ; ಎರಡನ್ನೂ ಒಂದೆಂದು ನಾನು ಹೇಳುತ್ತಿಲ್ಲ.

ಹಾಗೆಂದು ಗ್ವಾಡಲೂಪಿನ ರೋಗವನ್ನೆಲ್ಲ ವಿಷದ ತಲೆಗೆ ಕಟ್ಟುವುದೂ ಸರಿಯಲ್ಲ. ಬಾಳೆಗಿಂತ ಕಬ್ಬಿಗೇ ಹೆಸರಾದ ಬಾರ್ಬಡೋಸಿನಲ್ಲೂ ಮರಣದ ದರ ಜಗತ್ತಿನ ಅತ್ಯುನ್ನತ ದರಗಳ ಸಾಲಿನಲ್ಲಿದೆ. ಫ್ರೆಂಚ್ ಆಸ್ಪತ್ರೆಗಳಲ್ಲಿ ಪರೀಕ್ಷೆ ಧಾರಾಳ, ಅದೂ ಸಂಖ್ಯೆಯನ್ನು ಏರಿಸುತ್ತದೆ. ಬೀಜ, ನೆಲ, ಹುಡುಕಾಟ ಈ ಮೂರೂ ಅಲ್ಲಿ ಹೆಣೆದುಕೊಂಡಿವೆ.

ತಾಯ್ನೆಲ ಆಫ್ರಿಕ

ಈಗ ಮೂಲಕ್ಕೆ ಬರೋಣ. 1970ರ ದಶಕದಲ್ಲಿ ನೈಜೀರಿಯಾದ ಇಬಾದಾನ್ ನಗರವನ್ನೂ ವಾಷಿಂಗ್ಟನ್ ನಗರದ ಕಪ್ಪು ಜನರನ್ನೂ ಹೋಲಿಸಿದ ತಜ್ಞರಿಗೆ ಇಬಾದಾನಿನಲ್ಲಿ ರೋಗ ಎಷ್ಟೋ ಪಟ್ಟು ಕಡಿಮೆ ಕಂಡಿತು. ಆಫ್ರಿಕದಲ್ಲಿ ಇದು ಅಪರೂಪ, ಅಮೆರಿಕದ ಆಹಾರ ಮತ್ತು ಜೀವನಕ್ರಮದಿಂದ ಅಲ್ಲಿಯವರಿಗೆ ಬಂದದ್ದು ಎಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. ಅದು ಹಾಜರಿ ಕರೆಯದ ತರಗತಿ ಎಂಬುದು ಕ್ರಮೇಣ ತಿಳಿದುಬಂತು. ಘಾನಾ ದೇಶದ ಅಕ್ರಾ ನಗರದಲ್ಲಿ 50ರಿಂದ 74 ವಯಸ್ಸಿನ ಸಾವಿರಕ್ಕೂ ಹೆಚ್ಚು ಸಾಮಾನ್ಯ ನಾಗರಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ಏಳು ಮಂದಿಯಲ್ಲಿ ರೋಗವಿತ್ತು. ಉಗಾಂಡದ ಕಂಪಾಲಾ ನಗರದ ನೋಂದಣಿಯಲ್ಲಿ 1991ರಿಂದ 2010ರವರೆಗೆ ಈ ರೋಗ ವರ್ಷಕ್ಕೆ ಶೇಕಡಾ 5ರಂತೆ ಏರುತ್ತ ಹೋಯಿತು.

2020ರ ಅಂದಾಜಿನ ಎರಡು ಜೋಡಿ ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆದಂತೆ ಬರೆಯುತ್ತೇನೆ. ಉತ್ತರ ಅಮೆರಿಕದಲ್ಲಿ ಲಕ್ಷಕ್ಕೆ 73 ಮಂದಿಗೆ ರೋಗ, ಸುಮಾರು 8 ಮರಣ. ಮಧ್ಯ ಆಫ್ರಿಕದಲ್ಲಿ ಲಕ್ಷಕ್ಕೆ ಸುಮಾರು 36 ಮಂದಿಗೆ ರೋಗ, ಸುಮಾರು 25 ಮರಣ. ರೋಗ ಅರ್ಧ, ಮರಣ ಮೂರು ಪಟ್ಟು. ಅಲ್ಲಿ ರೋಗಿ ಆಸ್ಪತ್ರೆಗೆ ಬರುವುದು ಮೂತ್ರ ಪೂರ್ತಿ ಕಟ್ಟಿದಾಗ ಅಥವಾ ಕಾಲಿನ ಶಕ್ತಿ ಉಡುಗಿದಾಗ. ಅಷ್ಟರಲ್ಲಿ ರೋಗ ಮೂಳೆ ಸೇರಿರುತ್ತದೆ. ಆಫ್ರಿಕ ಖಂಡದ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ವಿಕಿರಣ ಚಿಕಿತ್ಸೆಯ ಒಂದು ಯಂತ್ರವೂ ಇಲ್ಲವೆಂದು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2022ರಲ್ಲಿ ತಿಳಿಸಿತು. ಈ ಅರ್ಬುದಕ್ಕೆ ಪುರುಷ ಹಾರ್ಮೋನೇ ಆಹಾರವೆಂದೂ, ಅದನ್ನು ಕಡಿದರೆ ರೋಗ ಸೊರಗುತ್ತದೆಂದೂ 1941ರಲ್ಲಿ ತೋರಿಸಿಕೊಟ್ಟವರು ಚಾರ್ಲ್ಸ್ ಹಗಿನ್ಸ್. 1966ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಬಂತು. ಆ ಹಾರ್ಮೋನನ್ನು ತಡೆಯುವ ಚುಚ್ಚುಮದ್ದು ನನಗೆ ಮೂರು ತಿಂಗಳಿಗೊಮ್ಮೆ ಸಿಗುತ್ತಿದೆ. ಅದರ ಬೆಲೆಯನ್ನು ತೆರಲಾರದ ಆಫ್ರಿಕದ ಬಡವನಿಗೆ ಹಗಿನ್ಸರ ಕಾಲದ ಶಸ್ತ್ರಚಿಕಿತ್ಸೆಯೇ ಗತಿ: ವೃಷಣಗಳನ್ನು ತೆಗೆಯುವುದು. ಅದರಿಂದ ಗುಣವೂ ಉಂಟು. ಆದರೆ ಒಪ್ಪದೆ ಮನೆಗೆ ಮರಳುವವರೂ ಇದ್ದಾರೆ. ಅಂತಹವರ ಮನಸ್ಸು ಈಗ ನನಗೆ ತಿಳಿಯುತ್ತದೆ.

ದಕ್ಷಿಣ ಆಫ್ರಿಕದ ವಿಷಯದಲ್ಲಿ ಇನ್ನೊಂದು ಎಳೆಯಿದೆ. 2022ರಲ್ಲಿ ದಕ್ಷಿಣ ಆಫ್ರಿಕ, ಬ್ರೆಜಿಲ್, ಆಸ್ಟ್ರೇಲಿಯಾಗಳ 183 ರೋಗಿಗಳ ಗಡ್ಡೆಗಳ ವಂಶವಾಹಿಗಳನ್ನು ಪೂರ್ತಿಯಾಗಿ ಓದಿ ನೋಡಿದಾಗ, ಆಫ್ರಿಕನ್ನರ ಗಡ್ಡೆಗಳಲ್ಲಿ ಬದಲಾವಣೆಗಳು ಹೆಚ್ಚೆಂದೂ, ಅವರಲ್ಲೇ ಕಾಣುವ ಕೆಲವು ಬಗೆಗಳಿವೆಯೆಂದೂ ಗೊತ್ತಾಯಿತು. ಇದು ಬರಿಯ ಬಡತನದ ಕಥೆಯಲ್ಲ ಎನ್ನುವವರಿಗೆ ಇದು ಆಧಾರ. ನನ್ನ ಅಲ್ಪಮತಿಗೆ ತೋರುವುದು ಇಷ್ಟು: ಯಾರಿಗೆ ರೋಗ ಬರುತ್ತದೆ ಎಂಬುದರಲ್ಲಿ ರಕ್ತದ ಕೈ ದೊಡ್ಡದು, ಯಾರು ಸಾಯುತ್ತಾರೆ ಎಂಬುದರಲ್ಲಿ ಆಸ್ಪತ್ರೆಯ ದೂರ, ಹಣ ಮತ್ತು ಮೌನದ ಕೈ ದೊಡ್ಡದು.

ಮೌನ ಬಡವರಿಗೇ ಮೀಸಲೆಂದು ತಿಳಿಯಬಾರದು. ಅಮೆರಿಕದ ರಕ್ಷಣಾ ಸಚಿವರಾಗಿದ್ದ, ಆ ಹುದ್ದೆಗೇರಿದ ಪ್ರಥಮ ಕಪ್ಪು ವರ್ಣೀಯರಾದ ಲಾಯ್ಡ್ ಆಸ್ಟಿನ್ ಅವರಿಗೆ 2023ರ ಡಿಸೆಂಬರಿನಲ್ಲಿ ಈ ರೋಗಕ್ಕಾಗಿ ಶಸ್ತ್ರಚಿಕಿತ್ಸೆಯಾಯಿತು. 2024ರ ಜನವರಿ ಒಂದರಂದು ಸೋಂಕು ತಗಲಿ ಮತ್ತೆ ಆಸ್ಪತ್ರೆ ಸೇರಿದರು. ದೇಶದ ಅಧ್ಯಕ್ಷರಿಗೇ ದಿನಗಟ್ಟಲೆ ಅದು ತಿಳಿದಿರಲಿಲ್ಲ. ಮುಂದಿನ ತಿಂಗಳು ಅವರು ಬಹಿರಂಗವಾಗಿ ಕ್ಷಮೆ ಕೇಳಿದರು. ಎರಡು ವರ್ಷ ಹೆಂಡತಿಗೂ ಹೇಳದ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯನಿಗೆ ಆ ವಾರ್ತೆಯನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಮ್ಮವರಲ್ಲಿ ದರ ಕಡಿಮೆಯೆಂಬ ನೆಮ್ಮದಿಯ ಬಗ್ಗೆಯೂ ಒಂದು ಮಾತು. ದಕ್ಷಿಣ ಮಧ್ಯ ಏಷ್ಯಾದಲ್ಲಿ ಲಕ್ಷಕ್ಕೆ ಸುಮಾರು 6 ಮಂದಿಗೆ ರೋಗ, ಸುಮಾರು 3 ಮರಣ. ಅಂದರೆ ಅನುಪಾತ ಅಮೆರಿಕಕ್ಕಿಂತ ಮಧ್ಯ ಆಫ್ರಿಕಕ್ಕೆ ಹತ್ತಿರ. ಐವತ್ತು ದಾಟಿದ ಹಳೆ ವಿದ್ಯಾರ್ಥಿಗಳಲ್ಲಿ ತಂದೆಗೋ ಅಣ್ಣನಿಗೋ ಈ ರೋಗವಿದ್ದವರು, ಮೂತ್ರದ ಧಾರೆ ಕುಗ್ಗಿದವರು, ಕಾರಣವಿಲ್ಲದೆ ಸೊಂಟ ನೋಯುವವರು ವೈದ್ಯರಲ್ಲಿ ವಿಷಯವನ್ನು ಎತ್ತಲಿ. ರಕ್ತಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಅವರು ಹೇಳುತ್ತಾರೆ. ಎಲ್ಲರಿಗೂ ಅದು ಬೇಕಾಗಿಲ್ಲ. ನಿಧಾನವಾಗಿ ಬೆಳೆಯುವ, ಜೀವಕ್ಕೆ ಎರವಾಗದ ಗಡ್ಡೆಗಳನ್ನೂ ಪತ್ತೆಮಾಡಿ ಅನಾವಶ್ಯಕ ಚಿಕಿತ್ಸೆಗೆ ಅದು ಎಡೆಗೊಡುವುದುಂಟು.

ಎಲ್ಲರನ್ನೂ ಕರೆದು ಪರೀಕ್ಷಿಸಬೇಕೇ ಎಂಬ ಪ್ರಶ್ನೆ ಕಪ್ಪು ಪುರುಷರ ಮಟ್ಟಿಗಂತೂ ಇನ್ನೂ ತೀರ್ಮಾನವಾಗಿಲ್ಲ. ಕಾರಣ ವಿಚಿತ್ರವಾದುದು. ಅಮೆರಿಕದಲ್ಲಿ ನಡೆದ ದೊಡ್ಡ ತಪಾಸಣಾ ಪ್ರಯೋಗದಲ್ಲಿ ಕಪ್ಪು ವರ್ಣೀಯರು ನೂರಕ್ಕೆ ನಾಲ್ಕು ಮಂದಿ ಮಾತ್ರ ಇದ್ದರು. ಯಾರಿಗೆ ರೋಗ ಹೆಚ್ಚೋ ಅವರ ಬಗ್ಗೆಯೇ ಸಾಕ್ಷ್ಯ ಕಡಿಮೆ. 2025ರ ನವೆಂಬರಿನಲ್ಲಿ ಬ್ರಿಟನ್ನಿನ ತಪಾಸಣಾ ಸಮಿತಿ ತನ್ನ ಕರಡು ಶಿಫಾರಸಿನಲ್ಲಿ, ನಿರ್ದಿಷ್ಟ ವಂಶವಾಹಿ ದೋಷವಿರುವವರಿಗೆ ಮಾತ್ರ ಕ್ರಮಬದ್ಧ ತಪಾಸಣೆ ಸಾಕೆಂದೂ, ಕಪ್ಪು ಪುರುಷರಿಗೆ ಅದರಿಂದ ಒಳಿತೋ ಕೆಡುಕೋ ಎಂದು ಹೇಳಲು ಆಧಾರ ಸಾಲದೆಂದೂ ತಿಳಿಸಿತು. ಆ ಆಧಾರವನ್ನು ಒದಗಿಸಲೆಂದೇ ‘ಟ್ರಾನ್ಸ್‌ಫಾರ್ಮ್’ ಎಂಬ ಪ್ರಯೋಗ ಅಲ್ಲಿ ಆರಂಭವಾಗಿದೆ. ಮೂರು ಲಕ್ಷದವರೆಗೆ ಪುರುಷರನ್ನು ಸೇರಿಸಿಕೊಳ್ಳುವ ಗುರಿ ಅದರದು. ಉಳಿದವರನ್ನು 50ನೆಯ ವಯಸ್ಸಿನಿಂದ ಕರೆದರೆ ಕಪ್ಪು ವರ್ಣೀಯರನ್ನು 45ರಿಂದಲೇ ಕರೆಯುತ್ತಾರೆ. ಕರೆಯುವ ಹತ್ತು ಮಂದಿಯಲ್ಲಿ ಒಬ್ಬರಾದರೂ ಅವರಾಗಿರಬೇಕೆಂಬ ನಿಯಮವಿದೆ. ತಾವಾಗಿ ಸೇರಲು ಬರುವುದಿಲ್ಲ. ವೈದ್ಯರಲ್ಲಿರುವ ದಾಖಲೆಯಿಂದ ಆರಿಸಿ ಮನೆಗೆ ಪತ್ರ ಕಳುಹಿಸುತ್ತಾರೆ. ಪತ್ರ ಬಂದವರಲ್ಲಿ ಎಷ್ಟು ಮಂದಿ ಬರುವರೆಂದು ನನ್ನ ಶಿಷ್ಯನನ್ನು ಕೇಳಿದೆ. “ಅದೇ ನಮಗೂ ಚಿಂತೆ, ಮಾಸ್ಟ್ರೇ” ಎಂದ.